ದೀಪ ನೋಡಿ ಊಟ

ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ನನ್ನ ನೆನಪಿನ ಶಕ್ತಿ ಕಾರಣವಲ್ಲ. ನನ್ನ ಹೆಂಡತಿ ಗಿರಿಜಾಳ ಫೋನಿನಲ್ಲಿ, ನಾನು ಕಳಿಸಿದ ಒಂದು ಚಿತ್ರದ ಕೆಳಗೆ, ಸಣ್ಣ ಬೂದು ಅಂಕಿಗಳಲ್ಲಿ ಅದು ಇವತ್ತಿಗೂ ಕೂತಿದೆ. ಚಿತ್ರ ತೆಗೆದ ನನ್ನ ಫೋನು ಅದಾಗಿ ಕಾಲು ಗಂಟೆಯೊಳಗೆ ಕೃಷ್ಣೆಯ ತಳ ಸೇರಿತು.

ಕಳೆದ ಭಾನುವಾರ ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದೆ. ಗಿರಿಜಾ ಗ್ಯಾಸಿನ ರಸೀದಿಯ ಚಿತ್ರ ಎಲ್ಲಿ ಹೋಯಿತೆಂದು ಹುಡುಕುತ್ತ ಬೆರಳು ಸರಿಸುತ್ತಿದ್ದಳು. ನಡುವೆ ನಿಂತಳು. "ಇದು ನೋಡ್ರಿ, ಎಷ್ಟು ಛಂದ ಬಂದದ. ಆದ್ರ ಮೂಲ್ಯಾಗ ಯಾರದೋ ಕೈ ಅಡ್ಡ ಬಂದದಲ್ಲ" ಎಂದಳು.

ಮುರಿದ ರೊಟ್ಟಿಯ ತುಂಡು ಕೈಯಲ್ಲೇ ಉಳಿಯಿತು. ಫೋನು ಇಸಿದುಕೊಂಡು ನೋಡಿದೆ. ಕಪ್ಪು ಕಲ್ಲಿನ ಬುರುಜು, ಅದರ ತಲೆಯ ಮೇಲೆ ದೀಪದ ಗೂಡು, ಹಿಂದೆ ಮೋಡ. ಎಡಗಡೆ ಕೆಳಗಿನ ಮೂಲೆಯಲ್ಲಿ, ಗೋಡೆಯ ಕಬ್ಬಿಣದ ಬಳೆಯನ್ನು ಹಿಡಿದ ಒಂದು ಬಲಗೈ. ದಪ್ಪ ಬೆರಳು, ಡಾಂಬರು ಮೆತ್ತಿದ ಉಗುರು. ಎಣಿಸಿದೆ. ಐದೂ ಬೆರಳು ಇದ್ದವು.

"ಯಾರದೋ ಕೈ." ಆ ಮಾತು ಅವಳು ಬೇಕೆಂದು ಆಡಿದ್ದಲ್ಲ. ಅದು ಯಾರ ಕೈ ಎಂದು ನಾನು ಅವಳಿಗೆ ಹೇಳಿದ್ದರಲ್ಲವೇ ಗೊತ್ತಾಗುವುದು?

ನಿಮಗಾದರೂ ಮೊದಲಿನಿಂದ ಹೇಳುತ್ತೇನೆ. ನಾನು ಮಾನ್ವಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಹುಟ್ಟಿ ಬೆಳೆದದ್ದು ರಾಯಚೂರಿನಲ್ಲಿ, ಅಕ್ಕಿ ಗಿರಣಿಗಳ ಹೊಟ್ಟು ಹಾರಿ ಬಂದು ಒಗೆದ ಬಟ್ಟೆಯ ಮೇಲೆ ಕೂರುವ ಓಣಿಯಲ್ಲಿ. ನಮ್ಮ ಜಿಲ್ಲೆಗೆ ಸಮುದ್ರವಿಲ್ಲ. ಚಿಕ್ಕಂದಿನಲ್ಲಿ ದೀಪಸ್ತಂಭವೆಂದರೆ ನಾವು ಕಂಡದ್ದು ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ. ಹಡಗಿಗೆ ದಾರಿ ತೋರಿಸುವ ದೀಪ ಎಂದು ಮೇಷ್ಟ್ರು ಹೇಳಿದಾಗ, ಹಡಗಿನವರಿಗೆ ಬ್ಯಾಟರಿ ಇರುವುದಿಲ್ಲವೇ ಎಂದು ಕೇಳಿ ಕಿವಿ ಹಿಂಡಿಸಿಕೊಂಡವನು ನಾನು. ಹಾಗಾಗಿ ಜಿಲ್ಲೆಯ ಬಡಗಣ ಅಂಚಿನಲ್ಲಿ, ದೇವದುರ್ಗದಾಚೆ ಗೂಗಲ್ ಎಂಬ ಹಳ್ಳಿಯ ಕಡೆ ಕೃಷ್ಣೆಯ ನಡುಗಡ್ಡೆಯೊಂದರ ಮೇಲೆ ಹಳೇ ದೀಪದ ಬುರುಜೊಂದು ಇದೆ, ಈಗಲೂ ದಿನಾ ದೀಪ ಹಚ್ಚುತ್ತಾರೆ ಎಂದು ಯಾರೋ ಬಸ್ಸಿನಲ್ಲಿ ಹೇಳಿದಾಗ ನನಗೆ ಆಸೆ ಹುಟ್ಟಿತು. ಊರಿನ ಹೆಸರು ಬೇಡ. ಅಲ್ಲಿಯವರಿಗೆ ನನ್ನಿಂದ ಆದದ್ದೇ ಸಾಕು.

ಬುರುಜು ಯಾರು ಕಟ್ಟಿಸಿದ್ದೋ ಯಾರಿಗೂ ಗೊತ್ತಿಲ್ಲ. ನಿಜಾಮರಿಗಿಂತ ಹಿಂದಿನದು ಎಂಬುದು ಊರವರ ಮಾತು. ನಾಲ್ಕಾಳೆತ್ತರ. ಕೆಳಗೆ ಇಬ್ಬರು ಮಲಗಬಹುದಾದ ಕೋಣೆ, ಒಳಗಿನಿಂದ ಸುತ್ತಿ ಏರುವ ಇಕ್ಕಟ್ಟು ಮೆಟ್ಟಿಲು, ಮೇಲೆ ನಾಲ್ಕು ದಿಕ್ಕಿಗೂ ಕಿಂಡಿ ಇರುವ ಗೂಡು. ಗೂಡಿನ ನಡುವೆ ಕಬ್ಬಿಣದ ಬೋಗುಣಿ, ಅದರಲ್ಲಿ ಕುಸುಬಿ ಎಣ್ಣೆ, ಹಳೇ ಧೋತರ ಹೊಸೆದು ಮಾಡಿದ ಹೆಬ್ಬೆರಳು ಗಾತ್ರದ ಬತ್ತಿ. ನದಿ ಅಲ್ಲಿ ಬಂಡೆಗಳ ನಡುವೆ ಹಲವು ಕವಲಾಗಿ ಹರಿಯುತ್ತದೆ. ಕತ್ತಲಾದ ಮೇಲೆ ದಾಟುವವರು ದೀಪವನ್ನು ಮೂಗಿಗೆ ನೇರ ಇಟ್ಟುಕೊಂಡು, ಡಾಂಬರು ಬಳಿದ ಬಿದಿರಿನ ದುಂಡು ತೆಪ್ಪ ನಡೆಸಿದರೆ ಬಂಡೆ ತಪ್ಪುತ್ತದೆ. ಸೇತುವೆಯಾದ ಮೇಲೆ ದಾಟುವವರು ಕಡಿಮೆಯಾದರು. ದೀಪ ಮಾತ್ರ ನಿಂತಿರಲಿಲ್ಲ.

ದೀಪ ಹಚ್ಚುವವರು ಹುಸೇನಪ್ಪ. ಹೆಸರು ಕೇಳಿ ಗೊಂದಲವಾಗಬೇಡಿ, ನಮ್ಮ ಕಡೆ ಇದು ಮಾಮೂಲು. ಮಕ್ಕಳಾಗದ ತಾಯಿ ಮೊಹರಮ್ಮಿನಲ್ಲಿ ಹರಕೆ ಹೊತ್ತಿದ್ದಳು, ಹುಟ್ಟಿದ ಅಂಬಿಗರ ಮಗನಿಗೆ ಆ ಹೆಸರು ಬಂತು. ಐವತ್ತೈದರ ಮೇಲಿನ ವಯಸ್ಸು, ಎತ್ತಿನ ಹೆಗಲು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ನನ್ನನ್ನು ಸರ ಎನ್ನುತ್ತಿದ್ದರು. ಎಷ್ಟು ಹೇಳಿದರೂ ಬಿಡಲಿಲ್ಲ, ನಾನೂ ಬಹಳ ಹೇಳಲಿಲ್ಲ.

ಮೊದಲ ಭೇಟಿಯಲ್ಲೇ ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ಹೆಂಡತಿ ದ್ಯಾವಮ್ಮನಿಗೆ ಒಪ್ಪಿಸಿ, ತಾವು ದೀಪ ಹಚ್ಚಲು ತೆಪ್ಪ ಹತ್ತಿದರು. ಅದು ಜ್ಯೇಷ್ಠದ ಕೊನೆ, ಗಾಳಿ ಆಗಲೇ ಜೋರಾಗಿತ್ತು. ದ್ಯಾವಮ್ಮ ರೊಟ್ಟಿ ಬಡಿಯುತ್ತಿದ್ದರು. ಹೊತ್ತು ಮುಳುಗುತ್ತಲೇ ಕೈ ಒರೆಸಿಕೊಂಡು ಎದ್ದು ಅಂಗಳದ ಅಂಚಿಗೆ ಹೋಗಿ, ಹುಬ್ಬಿನ ಮೇಲೆ ಕೈ ಇಟ್ಟು ನದಿಯ ಕಡೆ ನೋಡಿದರು. ದೂರದಲ್ಲಿ ಬುರುಜಿನ ತುದಿಗೆ ಜೋಳದ ಕಾಳಿನಷ್ಟು ಬೆಳಕು ಹತ್ತಿತು. ಅವರು ಒಳಗೆ ಬಂದು ನನ್ನ ಮುಂದೆ ತಾಟು ಇಟ್ಟರು, ತಾವೂ ಬಡಿಸಿಕೊಂಡರು.

ಕಾಕಾ ಬರಲಿ ಎಂದೆ. ದ್ಯಾವಮ್ಮ ನಕ್ಕರು. ಇಂಥಾ ಗಾಳಿಯಲ್ಲಿ ಅವರು ಬರುವುದಿಲ್ಲ, ಬುರುಜಿನ ಕೋಣೆಯಲ್ಲೇ ಮಲಗುತ್ತಾರೆ, ಬುತ್ತಿ ಒಯ್ದಿದ್ದಾರೆ, ನೀವು ಬೆಳಿಗ್ಗೆ ನೋಡಬಹುದು ಎಂದರು. ಭಯವಾಗುವುದಿಲ್ಲವೇ ಎಂದು ಕೇಳಿದೆ. "ದೀಪ ಕಂಡ್ತಲ್ಲ, ಮತ್ಯಾತರ ಭಯ?" ಎಂದು ಖಾರಬ್ಯಾಳಿ ನೀಡಿದರು.

ನನಗೆ ಬಹಳ ಇಷ್ಟವಾಯಿತು. ಚೀಲದಿಂದ ಪುಸ್ತಕ ತೆಗೆದು ಬರೆದುಕೊಂಡೆ: "ದೀಪ ನೋಡಿ ಊಟ. ಸುಂದರ ಪದ್ಧತಿ." ಪದ್ಧತಿ ಶಬ್ದದ ಕೆಳಗೆ ಗೆರೆ ಬೇರೆ ಎಳೆದೆ. ಆ ಪುಸ್ತಕ ಈಗಲೂ ನನ್ನ ಕಪಾಟಿನಲ್ಲಿದೆ. ಬರೆದುಕೊಂಡಿದ್ದೆ, ತಿಳಿದುಕೊಂಡಿರಲಿಲ್ಲ.

ಆಷಾಢದಲ್ಲಿ ಮತ್ತೆ ಹೋದೆ. ಆಷಾಢದ ಗಾಳಿ ನಮ್ಮ ಕಡೆ ಹೇಗಿರುತ್ತದೆಂದು ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ತಗಡು ಹಾರುತ್ತದೆ, ಬಸ್ಸಿನ ಕಿಟಕಿ ತಾನೇ ಹಾಡುತ್ತದೆ, ಮಾತು ಬಾಯಿಂದ ಹೊರಟು ಎದುರಿನವನಿಗೆ ತಲುಪದೆ ಎಲ್ಲೋ ಹೋಗುತ್ತದೆ. ಬುರುಜಿನ ಮೇಲೆ ನಾನೊಂದು ಲೇಖನ ಬರೆಯುವವನಿದ್ದೆ. ಎಲ್ಲ ಸಿದ್ಧವಾಗಿತ್ತು, ಒಂದು ಒಳ್ಳೆಯ ಚಿತ್ರ ಬೇಕಿತ್ತು, ಅಷ್ಟೇ. ಕೊನೆಯ ಬಸ್ಸು ತಪ್ಪಿದರೆ ದೇವದುರ್ಗದ ಸ್ನೇಹಿತರ ಮನೆಯಲ್ಲಿ ಉಳಿಯುತ್ತೇನೆಂದು ಗಿರಿಜಾಗೆ ಹೇಳಿ ಹೊರಟಿದ್ದೆ.

ಅವತ್ತು ಹುಸೇನಪ್ಪನವರಿಗೆ ದಾಟುವ ಮನಸ್ಸಿರಲಿಲ್ಲ. ಆದರೆ ನಾನು ಮಾನ್ವಿಯಿಂದ ಸಿರವಾರದ ಮೇಲೆ ಎರಡು ಬಸ್ಸು ಬದಲಿಸಿ ಬಂದವನು. ಮೂರು ಗಂಟೆಗೆ ಹೋಗಿ ನಾಲ್ಕಕ್ಕೆ ತಿರುಗಿ ಬರೋಣ, ನಿಮ್ಮನ್ನು ದಂಡೆಗೆ ಬಿಟ್ಟು ದೀಪಕ್ಕೆ ನಾನು ಮತ್ತೆ ಹೋಗುತ್ತೇನೆ ಎಂದು ಕರೆದೊಯ್ದರು. ನಾಲ್ಕು ದಾಟಿದ್ದೂ ನನಗೆ ತಿಳಿಯಲಿಲ್ಲ. ಕೊನೆಗೆ ಅವರ ಒತ್ತಾಯಕ್ಕೆ ತೆಪ್ಪದಲ್ಲಿ ಬಂದು ಕೂತೆ. ಕೂತಲ್ಲಿಂದ ತಲೆ ಎತ್ತಿ ನೋಡಿದರೆ ಬುರುಜು ಎಂದೂ ಇಲ್ಲದಷ್ಟು ಎತ್ತರ ಕಂಡಿತು. ಒಂದು ಚಿತ್ರ ತೆಗೆದೆ. ಗೋಡೆಯ ಬಳೆ ಹಿಡಿದು ತೆಪ್ಪ ಅಲುಗದಂತೆ ನಿಲ್ಲಿಸಿಕೊಂಡಿದ್ದ ಅವರ ಕೈ ಚಿತ್ರದಲ್ಲಿ ಬಂದಿತ್ತು. ನೆಟ್‌ವರ್ಕು ಒಂದು ಗೆರೆ ತೋರಿಸುತ್ತಿತ್ತು. ಗಿರಿಜಾಗೆ ಕಳಿಸಿ, ಕೆಳಗೆ "ಇಲ್ಲೇ ಇದ್ದುಬಿಡಬೇಕು ಅನಿಸ್ತದ" ಎಂದು ಬರೆದೆ. ನಾಲ್ಕು ಹನ್ನೆರಡು.

"ಸರ, ನೀರಿನ ಬಣ್ಣ ಬದಲಾತು. ನಡೀರಿ ಹೋಗಾಣ" ಎಂದರು ಹುಸೇನಪ್ಪ.

ನಾನು ನೀರು ನೋಡಲಿಲ್ಲ, ಮೋಡ ನೋಡಿದೆ. ಮೋಡದ ಅಂಚಿಗೆ ಸೂರ್ಯ ಬಂದಿದ್ದ. ಇನ್ನೈದು ನಿಮಿಷಕ್ಕೆ ಬಿಸಿಲು ಕಲ್ಲಿನ ಮೇಲೆ ಬೀಳುತ್ತದೆ, ಈ ಕೈಯೂ ಅಡ್ಡ ಬಾರದ ಹಾಗೆ ಒಂದು ತೆಗೆದುಬಿಡುತ್ತೇನೆ ಎಂದು ಲೆಕ್ಕ ಹಾಕಿದೆ. "ಒಂದೈದ ನಿಮಿಷ ಹಿಡೀರಿ ಕಾಕಾ" ಎಂದೆ. ಅವರು ಹಿಡಿದರು.

ಮೇಲೆ ಎಲ್ಲೋ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಸುದ್ದಿ ಊರಿಗೆ ಬಂದಿತ್ತೋ ಇಲ್ಲವೋ, ಕೇಳಿದರೆ ಇವತ್ತಿಗೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನಗೆ ಗೊತ್ತಿರುವುದು ಇಷ್ಟು. ತೆಪ್ಪ ತಳದಿಂದ ಯಾರೋ ಎತ್ತಿದಂತೆ ಎದ್ದಿತು. ಕಂದು ನೀರು ಮೆಟ್ಟಿಲು ನುಂಗಿತು. ಅದೇ ಹೊತ್ತಿಗೆ ಗಾಳಿಯೂ ತಿರುಗಿ ಬಡಿಯಿತು. ಹುಸೇನಪ್ಪ ಬಳೆ ಬಿಡದೆ, ಹಾರ್ರಿ ಹಾರ್ರಿ ಎಂದು ಕೂಗಿದರು. ನಾನು ಮೆಟ್ಟಿಲಿಗೆ ಹಾರಿದೆ. ಫೋನು ಜಾರಿತು. ಹಿಂದೆ ತಿರುಗಿ ನೋಡುವಷ್ಟರಲ್ಲಿ ತೆಪ್ಪ ಪೂರ್ತಿ ಸುತ್ತಿ ಬಂದು, ಅದರ ಬಿದಿರಿನ ಅಂಚು ಅವರ ಕೈಯನ್ನು ಕಲ್ಲಿಗೆ ಒತ್ತಿ ಅರೆಯಿತು. ಒಂದು ಸಲವಲ್ಲ. ತೋಳು ಹಿಡಿದು ಅವರನ್ನು ಮೇಲಕ್ಕೆಳೆದೆ. ತೆಪ್ಪ ಬರಿದಾಗಿ, ತಿರುಗುತ್ತ ತಿರುಗುತ್ತ, ಯಾವ ಅವಸರವೂ ಇಲ್ಲದಂತೆ ಹೋಯಿತು.

ನೀರು ಬುರುಜಿನ ಬಾಗಿಲ ಕೆಳಗಿನ ಎರಡನೇ ಮೆಟ್ಟಿಲಿಗೆ ಬಂದು ನಿಂತಿತು. ಅಷ್ಟರ ಮಟ್ಟಿಗೆ ನಾವು ಬದುಕಿದೆವು. ಅವರನ್ನು ಕೋಣೆಯಲ್ಲಿ ಮಲಗಿಸಿ, ನನ್ನ ಅಂಗಿ ಹರಿದು ಕೈಗೆ ಬಿಗಿದೆ. ಬಟ್ಟೆ ಕೆಂಪಾಗಲು ಎಷ್ಟು ಕಡಿಮೆ ಹೊತ್ತು ಸಾಕು ಎಂದು ನನಗೆ ಗೊತ್ತಿರಲಿಲ್ಲ. ಹೊರಗೆ ನಿಂತು ಕೂಗಿದೆ. ಊರು ಪಡುವಲಿಗಿತ್ತು, ಗಾಳಿ ಅತ್ತಲಿಂದಲೇ ಬೀಸುತ್ತಿತ್ತು, ನನ್ನ ದನಿ ನನಗೇ ವಾಪಸು ಬಂತು. ಹೀಗೇ ಹೊತ್ತು ಮುಳುಗುತ್ತ ಬಂತು. ಆಗ ನನಗೆ ದೀಪ ಹೊಳೆಯಿತು.

ಓದಿದ ತಲೆ. ದೀಪಸ್ತಂಭವೆಂದರೆ ಸಂಕೇತ, ಸಂಕಟದಲ್ಲಿರುವವರು ಬೆಳಕು ತೋರಿಸಬೇಕು, ನೋಡಿದವರು ಬರುತ್ತಾರೆ. ಕೋಣೆಯ ಗೋಡೆಗೂಡಿನಲ್ಲಿ ಬೆಂಕಿಪೆಟ್ಟಿಗೆ ಒಣಗಿಯೇ ಇತ್ತು. ತೆಗೆದುಕೊಂಡು ಮೆಟ್ಟಿಲ ಕಡೆ ಹೊರಟೆ.

ಹುಸೇನಪ್ಪ ಕಣ್ಣು ಮುಚ್ಚಿಯೇ ಇದ್ದರು. ತುಟಿ ಒಣಗಿತ್ತು. "ದೀಪ ಹಚ್ಚಬ್ಯಾಡ್ರಿ ಸರ" ಎಂದರು.

ನಾನು ನಿಂತೆ. ಏನಂದಿರಿ ಎಂದೆ.

"ಹಚ್ಚಬ್ಯಾಡ್ರಿ. ಕತ್ಲಿದ್ರ ನಮ್ಮಾಕಿ ಬರ್ತಾಳ."

ನೋವಿನಲ್ಲಿ ಕನವರಿಸುತ್ತಿದ್ದಾರೆ ಎಂದುಕೊಂಡೆ. ಕತ್ತಲಲ್ಲಿ ಯಾರಾದರೂ ಬರುತ್ತಾರೆಯೇ? ಹಣೆ ಮುಟ್ಟಿ ನೋಡಿದೆ, ಬಿಸಿಯಿತ್ತು. ಬಿಸಿ ಇದ್ದದ್ದು ನನಗೆ ಸಾಕ್ಷಿಯಾಯಿತು. ಎರಡೆರಡು ಮೆಟ್ಟಿಲು ಹಾರಿ ಏರಿದೆ. ಗಾಳಿ ಆರು ಕಡ್ಡಿ ಕಸಿದುಕೊಂಡಿತು. ಏಳನೆಯದನ್ನು ಬೋಗುಣಿಯ ಮೇಲೆ ಬಾಗಿ, ಎದೆಯನ್ನೇ ಮರೆ ಮಾಡಿ ಹಿಡಿದೆ. ಬತ್ತಿ ಹತ್ತಿತು. ನಗಬೇಡಿ, ಆ ಕ್ಷಣ ನನಗೆ ಹೆಮ್ಮೆಯಾಯಿತು. ಇಷ್ಟು ದಿನ ದೀಪದ ಬಗ್ಗೆ ಬರೆದವನು ಇವತ್ತು ದೀಪ ಹಚ್ಚಿದೆ ಎಂದು ಒಂದು ವಾಕ್ಯವೂ ತಲೆಯಲ್ಲಿ ಮೂಡಿತು.

ಕೆಳಗಿಳಿದು, ಹಚ್ಚಿದೆ ಕಾಕಾ, ಈಗ ಯಾರಾದರೂ ಬಂದೇ ಬರುತ್ತಾರೆ ಎಂದೆ.

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

"ಇನ್ನ ಯಾರೂ ಬರಂಗಿಲ್ರಿ."

ಆಗ ನನ್ನ ಪುಸ್ತಕದ ಆ ಸಾಲು ನೆನಪಿಗೆ ಬಂತು, ಅಂಗಳದ ಅಂಚಿನಲ್ಲಿ ಹುಬ್ಬಿಗೆ ಕೈ ಇಟ್ಟು ನಿಂತ ಹೆಂಗಸೂ ಕಂಡಳು. ದೀಪ ಹತ್ತಿದರೆ ಗಂಡ ಕ್ಷೇಮ, ಬುರುಜಿನಲ್ಲೇ ಮಲಗುತ್ತಾನೆ ಎಂದು ಅರ್ಥ. ಹತ್ತದಿದ್ದರೆ ಮಾತ್ರ ಏನೋ ಆಗಿದೆ ಎಂದು. ಆ ಊರಲ್ಲಿ ಕತ್ತಲೇ ಕೂಗು. ಹುಸೇನಪ್ಪ ಕನವರಿಸಿರಲಿಲ್ಲ, ಮಾಡಬೇಕಾದ ಒಂದೇ ಒಂದು ಕೆಲಸವನ್ನು ಹೇಳಿದ್ದರು: ಏನೂ ಮಾಡದೆ ಸುಮ್ಮನಿರುವುದು. ಓಡಿ ಹತ್ತಿ ಹೋಗಿ ದೀಪ ಆರಿಸಿದೆ. ಆರಿದ ಬತ್ತಿಯ ಹೊಗೆ ಮೂಗಿಗೆ ಬಡಿಯಿತು. ಅದರಿಂದೇನು? ಊರು ಸಂಜೆ ಒಂದು ಸಲ ನೋಡುತ್ತದೆ, ಹೊರಳಿ ನೋಡುವುದಿಲ್ಲ. ಗಾಳಿಗೆ ದೀಪ ಆರುವುದು ಆಷಾಢದಲ್ಲಿ ದಿನದ ಮಾತು.

ಆ ರಾತ್ರಿಯನ್ನು ಬರೆಯಲಾರೆ. ಬೆಳಿಗ್ಗೆ ದ್ಯಾವಮ್ಮ ರೊಟ್ಟಿ ಕಟ್ಟಿಕೊಂಡು ದಂಡೆಗೆ ಬಂದು ತೆಪ್ಪ ಕಾಣದೆ ಕೂಗೆಬ್ಬಿಸಿದರಂತೆ. ಪಕ್ಕದ ಊರಿನ ಮೀನುಗಾರರು ಬಂದು ನಮ್ಮನ್ನು ದಾಟಿಸಿದಾಗ ಎಂಟು ದಾಟಿತ್ತು. ದೇವದುರ್ಗಕ್ಕೆ ಜೀಪಿನಲ್ಲಿ, ಅಲ್ಲಿಂದ ರಾಯಚೂರಿಗೆ. ಡಾಕ್ಟರು ಕೈ ನೋಡಿ, "ರಾತ್ರಿಯೇ ಬಂದಿದ್ದರೆ" ಎಂದು ಶುರು ಮಾಡಿ, ಮುಗಿಸದೆ ಕೈಗವಸು ತೆಗೆದರು. ಬಲಗೈಯಲ್ಲಿ ಹೆಬ್ಬೆರಳು ಉಳಿಯಿತು. ನಾಲ್ಕು ಬೆರಳು ಹೋದವು. ಹುಟ್ಟು ಹಿಡಿಯಲು ಹೆಬ್ಬೆರಳೊಂದು ಸಾಲುವುದಿಲ್ಲ.

ಎರಡನೆಯ ದಿನ ಊರಿಂದ ನಾಲ್ಕು ಜನ ನೋಡಲು ಬಂದರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಕೈ ಹಂಗಾಗಿತ್ತಲ್ಲ, ದೀಪ ಯಾರು ಹಚ್ಚಿದ್ದು? ದ್ಯಾವಮ್ಮ ಮಂಚದ ಕಾಲಿಗೆ ಒರಗಿ ಕೂತಿದ್ದರು. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಬಾಯಿ ತೆರೆದೆ ಕೂಡ.

"ನಾನ ಹಚ್ಚಿದೆ" ಎಂದರು ಹುಸೇನಪ್ಪ.

ನಾನು ಬಾಯಿ ಮುಚ್ಚಿದೆ.

ದ್ಯಾವಮ್ಮ ಗಂಡನ ಮುಖವನ್ನೇ ನೋಡಿದರು. ಅಳಲಿಲ್ಲ. "ದೀಪ ಕಂಡೆ, ಉಂಡೆ, ಮಲಗಿದೆ" ಎಂದರು, ಯಾರಿಗೂ ಅಲ್ಲದಂತೆ. ಬಂದವರಲ್ಲಿ ಒಬ್ಬ, ಕೈ ಮುರಿದರೂ ಚಾಕರಿ ಬಿಡಲಿಲ್ಲ ನೋಡು, ಬುರುಜಿಗೇ ಲಗ್ನ ಆದವನು ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ.

ಅವರೆಲ್ಲ ಚಹಾಕ್ಕೆ ಹೋದ ಮೇಲೆ ನಾನು ಯಾಕೆ ಹೀಗೆ ಹೇಳಿದಿರಿ ಎಂದು ಕೇಳಿದೆ. ಹುಸೇನಪ್ಪ ಎಡಗೈಯಿಂದ ಹೊದಿಕೆ ಸರಿ ಮಾಡಿಕೊಂಡರು. "ನೀವು ನಾಳಿ ಕಾಲೇಜಿನ್ಯಾಗ ಪಾಠ ಹೇಳಬೇಕಲ್ಲ ಸರ. ನನ್ನ ಕೈಯಂತೂ ಹೋತು, ನಿಮ್ಮ ಮಾನ ಯಾಕ ಹೋಗಬೇಕು?" ಎಂದರು. ಬಂದ ಮಂದಿಯನ್ನು ಸುರಕ್ಷಿತ ದಂಡೆಗೆ ಮುಟ್ಟಿಸುವುದು ಅಂಬಿಗನ ಕೆಲಸ. ಅವರು ನನ್ನನ್ನು ಮುಟ್ಟಿಸಿದರು. ನಾನು ಇಳಿದು ಹೋದೆ.

ಪಾಠ ಹೇಳಿದೆ. ಲೇಖನವೂ ಅಚ್ಚಾಯಿತು, ಹಿಂದಿನ ಭೇಟಿಯ ಚಿತ್ರ ಹಾಕಿದರು. ಅದರಲ್ಲಿ ಅಪಘಾತದ ಬಗ್ಗೆ ಎರಡು ಸಾಲು, ಅಂಬಿಗನ ಕರ್ತವ್ಯನಿಷ್ಠೆಯ ಬಗ್ಗೆ ಆರು ಸಾಲು. ಕೈ ಜಜ್ಜಿದರೂ ದೀಪ ಹಚ್ಚಿದ ಎಂದು ನಾನೇ ನನ್ನ ಕೈಯಾರೆ ಬರೆದೆ. ಕಾಲೇಜಿನಲ್ಲಿ ಶಾಲು ಹೊದಿಸಿದರು. ಲೇಖನ ಓದಿದ ದಾನಿಯೊಬ್ಬರು ಬುರುಜಿನ ಮೇಲೆ ಸೌರದೀಪ ಹಾಕಿಸಿಕೊಟ್ಟರು. ಕತ್ತಲಾದ ಕೂಡಲೇ ತಾನೇ ಹತ್ತುತ್ತದೆ, ಬೆಳಗಾದರೆ ತಾನೇ ಆರುತ್ತದೆ. ಯಾರು ಮುಳುಗಿದರೂ ಹತ್ತುತ್ತದೆ. ಅದನ್ನು ನೋಡಿ ಈಗ ಯಾರೂ ಉಣ್ಣುವುದಿಲ್ಲ.

ನನಗೆ ನಿದ್ದೆ ಹೋಯಿತು. ಪೂರ್ತಿ ಹೋಗಿದ್ದರೆ ವೈದ್ಯರ ಹತ್ತಿರ ಹೋಗಬಹುದಿತ್ತು. ಮಲಗುತ್ತಿದ್ದೆ, ಎರಡೂವರೆಗೆ ಕಣ್ಣು ಬಿಡುತ್ತಿದ್ದೆ. ಅಷ್ಟೂ ಹೊತ್ತು ತಲೆಯಲ್ಲಿ ಅದೇ ಮೆಟ್ಟಿಲು ಹತ್ತುವುದು, ಅದೇ ಏಳನೇ ಕಡ್ಡಿ. ಕೆಲವು ದಿನ ಕಡ್ಡಿ ಆರಿಹೋಗುತ್ತಿತ್ತು, ಕೆಲವು ದಿನ ಅವರ ಮಾತು ಕೇಳಿ ಕೆಳಗೇ ಕೂರುತ್ತಿದ್ದೆ. ಎಷ್ಟು ಸಲ ತಿದ್ದಿದರೂ ಬೆಳಿಗ್ಗೆ ಹಳೆಯದೇ ಇರುತ್ತಿತ್ತು. ಮನೆಯ ಹೊರಗಿನ ದೀಪ ಹತ್ತಿರುವುದನ್ನು ಸಹಿಸಲಾಗದೆ ದಿನಾ ಆರಿಸುತ್ತಿದ್ದೆ. ಕರೆಂಟ್ ಬಿಲ್ಲಿನ ಚಿಂತೆ ನಿಮಗೆ ಇಷ್ಟು ಯಾವಾಗ ಬಂತು ಎಂದು ಗಿರಿಜಾ ಕೇಳುತ್ತಿದ್ದಳು.

ಮಾಗಿಯಲ್ಲಿ ಒಮ್ಮೆ ರಾಯಚೂರಿಗೆ ಹೋದಾಗ ಹುಸೇನಪ್ಪ ಸಿಕ್ಕರು. ಒಂದು ಅಕ್ಕಿ ಗಿರಣಿಯ ಗೇಟಿನಲ್ಲಿ ಕೆಲಸಕ್ಕೆ ನಿಂತಿದ್ದರು, ಅಲ್ಲೇ ಶೆಡ್ಡಿನಲ್ಲಿ ವಾಸ. ಲಾರಿ ಬಂದರೆ ಎಡಗೈಯಿಂದ ಗೇಟು ತೆಗೆಯುವುದು, ಹೋದರೆ ಹಾಕುವುದು. ಅವರ ಹುಬ್ಬಿನ ಮೇಲೆಲ್ಲ ಹೊಟ್ಟು ಕೂತಿತ್ತು. ಊರು ಬಿಟ್ಟು ಯಾಕೆ ಬಂದಿರಿ ಎಂದು ಕೇಳಿದೆ. ನಗುತ್ತಲೇ, ಮನೆಯಲ್ಲಿ ಮಾತಾಡುವವರು ಇಲ್ಲದಿದ್ದರೆ ಗೇಟಿನ ಹತ್ತಿರ ಇರುವುದು ವಾಸಿ ಎಂದರು. ಆಮೇಲೆ ನಗು ನಿಲ್ಲಿಸಿ ಹೇಳಿದರು, "ನನಕಿಂತ ಆ ದೀಪನ ಹೆಚ್ಚಾತೇನು ನಿಮಗ ಅಂತಾಳ್ರಿ ನಮ್ಮಾಕಿ. ಹಚ್ಚದ ಬಿಟ್ಟಿದ್ರ ನಾ ಹೊಳಿ ಈಸಿ ಬರ್ತಿದ್ನಿ, ನನ್ನ ಯಾಕ ಕರೀಲಿಲ್ಲ ಅಂತಾಳ. ಏನಂತ ಹೇಳಲಿ?"

ನಾನು ಹೋಗಿ ನಿಜ ಹೇಳುತ್ತೇನೆ ಎಂದೆ. ಅವರು, ಬೇಡ ಸರ, ಆದದ್ದು ಆಯಿತು ಎಂದರು.

ಬುರುಜಿನಲ್ಲಿ ಅವರು ಬೇಡವೆಂದಾಗ ನಾನು ಕೇಳಿರಲಿಲ್ಲ. ಗಿರಣಿಯ ಗೇಟಿನಲ್ಲಿ ಬೇಡವೆಂದದ್ದನ್ನು ಆ ಕೂಡಲೇ ಕೇಳಿದೆ. ಮುಂದಿನ ಬಸ್ಸು ಹಿಡಿದು ಮಾನ್ವಿಗೆ ಬಂದೆ.

ಹೀಗೆ ಎಂಟು ತಿಂಗಳು. ಭಾನುವಾರ ಗಿರಿಜಾ ಆ ಚಿತ್ರ ತೋರಿಸದಿದ್ದರೆ ಇನ್ನೂ ಎಂಟು ತಿಂಗಳು ಹೋಗುತ್ತಿತ್ತೇನೋ. ನನಗೆ ನನ್ನ ಮೇಲೆ ಅಷ್ಟು ನಂಬಿಕೆಯಿದೆ. ಕೈ ಅಡ್ಡ ಬಂದದ್ದನ್ನು ಕತ್ತರಿಸಿಬಿಡಬಹುದು, ಈಗ ಫೋನಿನಲ್ಲೇ ಬರುತ್ತದೆ ಎಂದು ಅವಳು ಬೆರಳು ಇಡಲು ಹೋದಳು. ನಾನು ಫೋನು ಕಸಿದುಕೊಂಡೆ. ಅವಳು ಬೆಚ್ಚಿದಳು. ಸೋಮವಾರ ರಜೆ ಹಾಕಿ ಹೊರಟೆ.

ಬೇಸಿಗೆ ಶುರುವಾಗಿದೆ. ನದಿ ಈಗ ಅಲ್ಲಲ್ಲಿ ನಿಂತ ನೀರು. ಬುರುಜಿನ ಬುಡದ ತನಕ ಮರಳಲ್ಲಿ ನಡೆದೇ ಹೋಗಬಹುದು. ನಮ್ಮನ್ನು ಒಂದು ರಾತ್ರಿ ಕೂಡಿಹಾಕಿದ ಹೊಳೆ ಇದೇಯೇ ಎಂದು ನಾಚಿಕೆಯಾಗುವಷ್ಟು ಸಣ್ಣದು. ದ್ಯಾವಮ್ಮ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಬುರುಜಿಗೆ ಬೆನ್ನು ಹಾಕಿ ಕೂತಿದ್ದರು. ಬರ್ರಿ ಸರ ಎಂದು ನೀರು ಕೊಟ್ಟರು. ಚಹಾ ಇಡಲು ಎದ್ದರು. ಚಹಾ ಕುಡಿದರೆ ಹೇಳಲಾಗುವುದಿಲ್ಲ ಎನಿಸಿ ನಿಂತೇ ಹೇಳಿದೆ. ಐದು ನಿಮಿಷ ಹಿಡೀರಿ ಎಂದದ್ದು, ಏಳನೇ ಕಡ್ಡಿ, ಆಸ್ಪತ್ರೆಯ ಕಿಟಕಿ, ಎಲ್ಲ. ದೀಪ ಹಚ್ಚಿದ್ದು ನಾನು, ಅವರಲ್ಲ.

ಅವರ ಕೈಯಲ್ಲಿ ಮೊರ ಇತ್ತು. ಅದನ್ನು ಕೆಳಗಿಡಲಿಲ್ಲ.

"ಅವರೇನಂದ್ರು? ನೀವು ಮ್ಯಾಲ ಹೋಗಾಗ?"

ಹಚ್ಚಬೇಡಿ ಎಂದರು ಎಂದೆ.

"ಹಂಗಲ್ಲ. ಅವರು ಅಂದಂಗನ ಹೇಳ್ರಿ."

"ಹಚ್ಚಬ್ಯಾಡ್ರಿ, ಕತ್ಲಿದ್ರ ನಮ್ಮಾಕಿ ಬರ್ತಾಳ ಅಂದ್ರು."

ಮತ್ತೊಮ್ಮೆ ಹೇಳಿಸಿದರು. ಹೇಳಿದೆ. ಮೊರದಲ್ಲಿನ ತೊಗರಿಯನ್ನು ಅಂಗೈಯಿಂದ ಸಮ ಮಾಡಿದರು, ಮತ್ತೆ ಸಮ ಮಾಡಿದರು. ಆಡು ಬಂದು ಮೊರಕ್ಕೆ ಬಾಯಿ ಹಾಕಿತು, ಓಡಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು.

"ಎಂಟು ತಿಂಗಳು ನನ್ನ ಕರದ ಮಾತು ನಿಮ್ಮ ಕಿಸೆದಾಗ ಇಟ್ಕೊಂಡು ತಿರಗ್ಯಾಡಿದ್ರೇನ್ರಿ?"

ಉತ್ತರಕ್ಕೆ ಕಾಯದೆ ಒಳಗೆ ಹೋಗಿ ನಾಲ್ಕು ರೊಟ್ಟಿ, ಶೇಂಗಾಪುಡಿ ಗಂಟು ಕಟ್ಟಿದರು. ಆಡುಗಳನ್ನು ನೆರೆಮನೆಯವರಿಗೆ ಒಪ್ಪಿಸಿ, ಬೀಗ ಹಾಕಿ, ಬಸ್ಸಿನ ಕಡೆ ನಡೆದರು. ನಾನು ಹಿಂದೆ ನಡೆದೆ. ಬಸ್ಸಿನಲ್ಲಿ ಅವರ ಟಿಕೇಟೂ ನಾನೇ ತೆಗೆಯಲು ಹೋದೆ. ಕಂಡಕ್ಟರನಿಗೆ, ಅವರು ಬ್ಯಾರೆ ನಾ ಬ್ಯಾರೆ ಎಂದರು. ಮುಂದಿನ ಸೀಟಿನಲ್ಲಿ ಕೂತರು. ದೇವದುರ್ಗ ಬರುವ ತನಕ ಅವರ ಹೆರಳು ಮಾತ್ರ ನನಗೆ ಕಾಣುತ್ತಿತ್ತು. ಹೊಸ ಫೋನಿನಲ್ಲಿ ಆ ಚಿತ್ರ ಇಟ್ಟುಕೊಂಡು ಬಂದಿದ್ದೆ, ಅವರಿಗೆ ತೋರಿಸಬೇಕೆಂದು. ತೋರಿಸಲಿಲ್ಲ. ತೋರಿಸಿದ್ದರೆ ಅದಕ್ಕೂ ಅವರಿಂದ ಏನೋ ಒಂದು ಬೇಡಿದಂತಾಗುತ್ತಿತ್ತು. ದೇವದುರ್ಗದಲ್ಲಿ ಅವರು ತಿರುಗಿಯೂ ನೋಡದೆ ರಾಯಚೂರಿನ ಬಸ್ಸು ಹತ್ತಿದರು.

ಮನೆಗೆ ಬಂದು ಗಿರಿಜಾಗೂ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, ಅದು ಹುಸೇನಪ್ಪನವರ ಕೈಯೇ ಎಂದು ಮಾತ್ರ ಕೇಳಿದಳು. ಹೌದು ಎಂದೆ. ಕತ್ತರಿಸಲಿಲ್ಲವಲ್ಲ ಎಂದು ಫೋನು ತೆಗೆದು ನೋಡಿಕೊಂಡಳು. ಹೊರಗಿನ ದೀಪ ಅವಳೇ ಹಾಕಿದಳು. ನಾನು ಆರಿಸಲಿಲ್ಲ.

ಮರುದಿನ ಫೋನು ರಿಂಗಾದಾಗ ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು. ಎಂಟೂವರೆ. ಕಾಲೇಜಿನ ಮೊದಲ ತಾಸು ತಪ್ಪಿತ್ತು. ಆಚೆ ಲಾರಿಯ ಸದ್ದು, ಅದರ ಮೇಲೆ ಹುಸೇನಪ್ಪನವರ ದನಿ.

"ಯಾಕ ಹೇಳಿದ್ರಿ ಸರ? ನಾ ಬ್ಯಾಡ ಅಂದಿದ್ನಲ್ಲ."

ನಾನು ಏನೋ ಹೇಳಹೋದೆ. ಹಿಂದಿನಿಂದ ದ್ಯಾವಮ್ಮನ ದನಿ ಬಂತು, ಸಾಕು ಇಡ್ರಿ ಅದನ್ನ, ರೊಟ್ಟಿ ಆರಾಕತ್ತ್ಯಾವ ಎಂದು. ಹುಸೇನಪ್ಪ ನನ್ನ ಮಾತಿಗೆ ಕಾಯದೆ ಫೋನು ಇಟ್ಟರು. ಪರಿಚಯವಾದಾಗಿನಿಂದ ನನಗಿಂತ ಮೊದಲು ಅವರು ಫೋನು ಇಟ್ಟದ್ದು ಅದೇ ಮೊದಲು.

ಆ ದಿನ ಮಂಗಳವಾರ. ಆಷಾಢದ ಆ ನಾಲ್ಕು ಹನ್ನೆರಡರಿಂದ ಈಚೆಗೆ, ನಡುವೆ ಎಚ್ಚರವಾಗದೆ ನಾನು ರಾತ್ರಿಯಿಡೀ ಮಲಗಿ ಎದ್ದದ್ದು ಆ ಬೆಳಿಗ್ಗೆ. ಹೇಳಲು ನಾಚಿಕೆಯಾಗುತ್ತದೆ, ನಿದ್ದೆ ಬಹಳ ಚೆನ್ನಾಗಿ ಬಂದಿತ್ತು.